ಕಳೆಯುವ ಲೆಕ್ಕ

ಬೈತಖೋಲ್ ಶಾಲೆ, ಏಳನೇ ತರಗತಿ.
ಊಟದ ಗಂಟೆಗೆ ಇನ್ನೂ ಹೊತ್ತಿತ್ತು.
ಪುಸ್ತಕದ ಲೆಕ್ಕ ಬೇಸರ ಬಂದು
ಬೋರ್ಡಿನ ಮೇಲೆ ನಾನೇ ಒಂದು ಬರೆದೆ:

ಟೈಟಾನಿಕ್ ಎಂಬ ಹಡಗು.
ಹತ್ತಿದವರು ಎರಡು ಸಾವಿರದ ಇನ್ನೂರು.
ಅದರಲ್ಲಿ ಸಾವಿರದ ಐನೂರು ಕಳೆದರೆ
ಉಳಿದವರೆಷ್ಟು?

ನಮ್ಮ ಭಾಷೆ ಎಷ್ಟು ನಿಷ್ಕರುಣಿ ಎಂದು
ಸೀಮೆಸುಣ್ಣ ಹಿಡಿದ ಕೈಗೆ ಆಗ ತಿಳಿಯಲಿಲ್ಲ.
ಕಳೆಯುವುದಕ್ಕೂ ಕಳಕೊಳ್ಳುವುದಕ್ಕೂ
ಒಂದೇ ಧಾತು. ಉತ್ತರಕ್ಕೂ ಜೀವಕ್ಕೂ
ಉಳಿ, ಉಳಿ ಎಂಬ ಒಂದೇ ಮಾತು.

ಏಳುನೂರು! ಎಂದು ಕೂಗಿದವು ಬೆಂಚುಗಳು.
ಕಿಟಕಿಯಾಚೆ ಮಂಜುಗಡ್ಡೆಯ ಲಾರಿ
ನೀರು ಸೋರಿಸುತ್ತ ಬಂದರಿನ ಕಡೆ ಹೋಯಿತು.
ಸುಗಂಧಾ ತಾಂಡೇಲ ಮಾತ್ರ ಎದ್ದು ನಿಂತು
"ದೋಣಿ ಎಷ್ಟಿದ್ವು ಅಕ್ಕೋರೆ?"
ಇಪ್ಪತ್ತು.
"ತುಂಬಿದ್ವಾ?"
ಇಲ್ಲ. ಅರವತ್ತೈದು ಹಿಡಿಯುವುದರಲ್ಲಿ
ಇಪ್ಪತ್ತೆಂಟೇ ಜನ ಕೂತು ಹೋದದ್ದೂ ಉಂಟು.
"ಮತ್ತೆ, ತಿರುಗಿ ಬರ್ಲಿಲ್ವಾ?"
ಹುಡುಕಿಕೊಂಡು ಒಂದು ಬಂತು, ಎಂದೆ.
ಗಂಟೆ ಹೊಡೆಯಿತು.

ಮರುದಿನ ಬಾಗಿಲಲ್ಲಿ ಅವಳ ಅಜ್ಜ,
ಪುತ್ತು ತಾಂಡೇಲ. ಚಪ್ಪಲಿ ಹೊರಗೆ,
ಟೊಪ್ಪಿ ಕೈಯಲ್ಲಿ. ಒಳಗೆ ಬನ್ನಿ ಎಂದರೆ
ಹೊಸ್ತಿಲನ್ನು ಹೆಬ್ಬೆರಳಿನಿಂದ ಸವರಿದ, ದಾಟಲಿಲ್ಲ.

"ಕೂಸು ನಿಮ್ಮ ಲೆಕ್ಕ ಮನೆಗೆ ತಂತು.
ನಮ್ದೂ ಒಂದುಂಟು. ಯಾರೂ ಬರೆಸ್ಲಿಲ್ಲ.

ನಾರಳಿ ಹುಣ್ಣಿಮೆ ಆಗಿ ಒಂಬತ್ತನೇ ದಿನ.
ದೇವಗಡದ ದೀಪ ಎಡಕ್ಕಿತ್ತು.
ಗಾಳಿ ಎದ್ದು ಬೋಟು ಮಗ್ಗುಲಾಯ್ತು.
ಇಪ್ಪತ್ತೇಳು ಜನ, ಬಲೆಯ ದೋಣಿ ಒಂದೇ.
ಹತ್ತು ಜನ ಹತ್ತಿದ್ವಿ. ಹದಿನಾಲ್ಕು ಹಿಡೀತಿತ್ತು.
ಹುಟ್ಟು ನನ್ನ ಕೈಲಿತ್ತು."

ಅಲ್ಲಿಯ ನೀರು ಮಂಜಿನಷ್ಟು ತಣ್ಣಗಂತೆ,
ಅರ್ಧ ತಾಸಿನೊಳಗೆ ದನಿಗಳು ನಿಂತವಂತೆ
ಎಂದೆ. ಏನಾದರೂ ಹೇಳಬೇಕಿತ್ತಲ್ಲ.

"ನಮ್ದು ಬೆಚ್ಚಗಿತ್ತು.
ಗಂಜಿ ಬಸಿದ ನೀರಿನ ಹಾಗೆ.
ಬೆಚ್ಚಗಿನ ನೀರಲ್ಲಿ ಮನುಷ್ಯ ಭಾಳ ಹೊತ್ತು ಕರೀತಾನೆ,
ಹೆಸರು ಹಿಡಿದು ಕರೀತಾನೆ.
ನನ್ನ ಹೆಂಡತಿಯ ತಮ್ಮ ಫೋಂಡು, ಭಾವ ಅಂತಿರಲಿಲ್ಲ,
ಸಣ್ಣಂದಿನಿಂದ ಪುತ್ತೂ ಅಂತಲೇ.
ಹೋದ್ರೆ ಹದಿನೇಳು ಜನ ಒಂದೇ ಅಂಚು ಹಿಡೀತರೆ,
ಎಲ್ಲಾರೂ ಮುಳುಗ್ತೇವೆ ಅಂದ್ರು.
ಯಾರಂದ್ರು?
ನಾನೇ ಅಂದೆ ಕಾಣ್ತದೆ.

ಬೆಳಗಾತ ಬೆಲೇಕೇರಿಯವರು ಹಗ್ಗ ಕಟ್ಟಿ ಎಳೆದ್ರು.
ಹತ್ತು ಮಂದಿ ಪಾರು ಅಂತ ಪೇಪರಿಗೆ ಬಂತು.
ಹೆಂಡತಿ ಕತ್ತರಿಸಿ ಗಡಿಯಾರದ ಹಿಂದೆ ಇಟ್ಟಳು.
ತಮ್ಮನ ಹೆಸರೂ ಅದೇ ತುಂಡಿನಲ್ಲಿತ್ತು."

ಆಮೇಲೆ ಬೋರ್ಡಿನ ಕಡೆ ನೋಡಿ ಕೇಳಿದ:
"ಆ ತಿರುಗಿ ಹೋದ ದೋಣಿಗೆ
ಎಷ್ಟು ಜನ ಸಿಕ್ಕರು?"

ನಾಲ್ವರಂತೆ. ಒಬ್ಬ ದೋಣಿಯಲ್ಲೇ ತೀರಿಕೊಂಡ.
ನಾಲ್ಕು ಬೆರಳು ಎತ್ತಿದ. ಒಂದನ್ನು ಮಡಚಿದ.
ಮೂರನ್ನು ಹಾಗೇ ಹಿಡಿದು ನಿಂತ,
ಕೈ ಇಳಿಸುವುದು ಮರೆತವನಂತೆ.

ತಿರುಗಿಸಿದವನ ಹೆಸರು ಎಲ್ಲಾದರೂ ಇದ್ದೀತು,
ಹುಡುಕಿ ಹೇಳಿ ಕಳಿಸುತ್ತೇನೆ, ಎಂದೆ.

"ಬೇಡ ಅಕ್ಕೋರೆ.
ಇಷ್ಟು ವರ್ಷ, ಯಾರಿಗೂ ಆಗೂದಿಲ್ಲ ಅಂದ್ಕಂಡು ಇದ್ದೆ.
ಒಬ್ಬ ಹೋಗಿದ್ದ ಅಂದ್ರೆ
ಹೋಗೂಕೆ ಆಗ್ತಿತ್ತು ಅಂದಂಗಾಯ್ತಲ್ಲ."

ಚಪ್ಪಲಿ ಮೆಟ್ಟಿದ. ಎಡದ್ದು ಬಲಕ್ಕೆ ಹೋಗಿ
ಮತ್ತೆ ಬದಲಿಸಿದ.
ಬಂದರಿನ ಕಡೆಗಲ್ಲ, ಗುಡ್ಡದ ದಾರಿ ಹಿಡಿದ.

ಎರಡನೇ ಗಂಟೆ. ಬೋರ್ಡು ಒರೆಸಬೇಕು.
ಬಟ್ಟೆಯನ್ನು ಯಾವನೋ ಹುಡುಗ
ನಳದಡಿ ಅದ್ದಿ ತಂದಿದ್ದ.
ಒರೆಸಿದೆ. ಕಪ್ಪಾಯಿತು, ಹೊಳೆಯಿತು.
ಒಣಗುತ್ತ ಬಂದ ಹಾಗೆ
ಉಳಿದವರೆಷ್ಟು ಎಂಬುದು ಮಾತ್ರ
ಬೆಳ್ಳಗೆ ಮತ್ತೆ ಮೇಲಕ್ಕೆ ಬಂತು.